ಕೊನೆಯ ಕೋಣೆಗೆ ಬಿಸಿನೀರು

ಕನ್ನಡನಾಡಿನ ಗೃಹಸ್ಥರ ಮುಂದೆ ಮನೆ ಕಾಯಿಸುವ ವಿಷಯವನ್ನು ಎತ್ತುವುದಕ್ಕೆ ನಮಗೆ ಸ್ವಲ್ಪ ಸಂಕೋಚವೇ ಆಗುತ್ತದೆ. ಮನೆಯನ್ನು ತಂಪಾಗಿಡುವ ಬಗೆಯನ್ನು ಕೇಳುವವರುಂಟು. ಕಾಯಿಸುವ ಬಗೆ ಯಾರಿಗೆ ಬೇಕು? ನಮ್ಮ ಕಡೆ ಧನುರ್ಮಾಸದ ನಸುಕಿನಲ್ಲಿ ಬಚ್ಚಲ ಹಂಡೆಯ ಒಲೆಯ ಮುಂದೆ ಕುಳಿತು ಅಂಗೈ ಕಾಯಿಸಿಕೊಂಡರೆ ಚಳಿಗಾಲದ ಉಪಚಾರವೆಲ್ಲ ಮುಗಿಯಿತು. ಮಡಿಕೇರಿ, ಆಗುಂಬೆಗಳ ಕಡೆ ಅಗ್ಗಿಷ್ಟಿಕೆಯೊಂದು ಹೆಚ್ಚು, ಅಷ್ಟೆ. ಆದರೆ ಮಗನೋ ಮಗಳೋ ಇಂಗ್ಲೆಂಡು ಅಮೆರಿಕಗಳಲ್ಲಿ ಸಂಸಾರ ಹೂಡಿರುವ ಮನೆಗಳು ಈಗ ಊರೂರಿಗೂ ಉಂಟು. ಅವರನ್ನು ನೋಡಿಬರಲು ಹೋದ ಹಿರಿಯರು ಚಳಿಯ ಬಾಯಿಗೆ ಸಿಕ್ಕಿ ನರಳುವುದೂ ಉಂಟು. ಅಂಥವರಿಗೆ ಎಳ್ಳಷ್ಟಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ, ೨೦೨೨ನೆಯ ಇಸವಿಯ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಇಲ್ಲಿ ಬರೆಯುತ್ತೇವೆ.

ನಾವಿರುವುದು ಇಂಗ್ಲೆಂಡಿನ ಉತ್ತರಭಾಗದ ಲೀಡ್ಸ್ ಪಟ್ಟಣದಲ್ಲಿ. ಮನೆ ೧೯೩೦ರ ದಶಕದಲ್ಲಿ ಕಟ್ಟಿದುದು. ಅದರ ಒಂದು ಗೋಡೆ ನಮಗೂ ಪಕ್ಕದ ಮನೆಗೂ ಸಮಾನ. ಕಟ್ಟಿದ ಕಾಲದಲ್ಲಿ ಕೋಣೆಗೊಂದು ಕಲ್ಲಿದ್ದಲಿನ ಒಲೆಯಿದ್ದಿತಂತೆ. ಅನಂತರ ಬಂದವರು ಆ ಒಲೆಗಳನ್ನು ಮುಚ್ಚಿ, ನೆಲಹಲಗೆಗಳ ಅಡಿಯಲ್ಲಿ ತಾಮ್ರದ ಕೊಳಾಯಿಗಳನ್ನೆಳೆದು, ಕೋಣೆಕೋಣೆಗೂ ಉಕ್ಕಿನ ರೇಡಿಯೇಟರು ನಿಲ್ಲಿಸಿದರು. ನಮಗೆ ಮನೆ ಮಾರಿದವರು ಹಿತ್ತಲ ಕಡೆಗೆ ಒಂದು ಕೋಣೆಯನ್ನು ಸೇರಿಸಿ, ಅಡಿಗೆಮನೆಯ ಕೊಳಾಯಿಯಿಂದಲೇ ಕವಲು ತೆಗೆದು ಅಲ್ಲಿಗೂ ಒಂದು ರೇಡಿಯೇಟರನ್ನು ಜೋಡಿಸಿದ್ದರು. ಒಟ್ಟು ಒಂಬತ್ತು. ಬಾಯ್ಲರಿಗೆ ಅತ್ಯಂತ ದೂರದ್ದು ಈ ಒಂಬತ್ತನೆಯದು.

ನಮ್ಮ ತಾಯಿಯವರು ಆ ವರ್ಷದ ಅಕ್ಟೋಬರಿನಲ್ಲಿ ಊರಿನಿಂದ ಬಂದರು. ವಯಸ್ಸು ಎಪ್ಪತ್ತೆಂಟು, ಮಂಡಿನೋವಿನಿಂದ ಮೆಟ್ಟಲು ಹತ್ತಲಾರರು. ಆದುದರಿಂದ ಕೆಳಗಿನ ಆ ಹಿತ್ತಲ ಕೋಣೆಯನ್ನೇ ಅವರಿಗೆ ಅಣಿಮಾಡಿಕೊಟ್ಟೆವು. ನವೆಂಬರು ಕಳೆಯುವವರೆಗೆ ಹೇಗೋ ನಡೆಯಿತು. ಡಿಸೆಂಬರಿನ ಮೊದಲ ವಾರ ಕಳೆಯುತ್ತಲೂ ಉತ್ತರದ ಗಾಳಿ ತಿರುಗಿ, ಬೀದಿಯ ಮೇಲಣ ಹಿಮದ ಪೊರೆ ಮಧ್ಯಾಹ್ನವಾದರೂ ಕರಗದ ದಿನಗಳು ಬಂದುವು. ನಾವು ಮಹಡಿಯ ಮೇಲೆ ತೆಳ್ಳಗಿನ ಅಂಗಿ ತೊಟ್ಟು ತಿರುಗಾಡುತ್ತಿದ್ದರೆ, ಕೆಳಗೆ ತಾಯಿಯವರು ಎರಡು ಕಾಲುಚೀಲ, ಉಣ್ಣೆಯ ಟೋಪಿ, ಅದರ ಮೇಲೆ ಶಾಲು, ಅದರ ಮೇಲೆ ಕಂಬಳಿ ಹೊದ್ದು ಕುಳಿತಿರುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ದೂರಲಿಲ್ಲ. ಒಂದು ರಾತ್ರಿ ಹಾಲು ಕೊಡಲು ಹೋದ ನಮ್ಮ ಮನೆಯಾಕೆ ಅವರ ಕೈ ಮುಟ್ಟಿ ನೋಡಿ ಬೆಚ್ಚಿ, ಉಷ್ಣಮಾಪಕವನ್ನು ತಂದಿಟ್ಟಳು. ಕೋಣೆಯ ಶಾಖ ೧೪ ಡಿಗ್ರಿ. ವಾಸದ ಮನೆಯ ಒಳಗೆ ಚಳಿಗಾಲದಲ್ಲಿ ೧೮ ಡಿಗ್ರಿಯಾದರೂ ಇರಬೇಕೆಂದೂ, ವೃದ್ಧರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿಯೇ ತಿಳಿಸಿರುವುದುಂಟು. ಚಳಿಯ ಕೋಣೆಯಲ್ಲಿ ರಕ್ತದ ಒತ್ತಡ ಏರುತ್ತದೆ. ತಾಯಿಯವರಿಗೆ ಮೊದಲೇ ಆ ಕಾಯಿಲೆ.

ಮರುದಿನ ಬೆಳಿಗ್ಗೆ ಅವರೇ ಮಾತು ತೆಗೆದರು: “ನನ್ನ ಊರಿಗೆ ಕಳಿಸ್ಬುಡಪ್ಪ. ನಿಮಗೂ ತೊಂದರೆ, ನನಗೂ ತೊಂದರೆ.” ಆರು ತಿಂಗಳಿರಲೆಂದು ಎಷ್ಟೋ ವರ್ಷ ಕರೆದು ಕರೆದು ಕರೆಸಿಕೊಂಡವರು ಎರಡು ತಿಂಗಳಿಗೇ ಚಳಿಗೆ ಹೆದರಿ ಹೊರಟು ನಿಂತರೆ ಮಗನಾದವನಿಗೆ ಹೇಗಾಗಬೇಕು? ಒಂದು ವಾರ ತಾಳಿರೆಂದು ಬೇಡಿಕೊಂಡೆವು.

ಮೊದಲು ಕರೆದುದು ಬಾಯ್ಲರು ರಿಪೇರಿಯವರನ್ನು. ಬಂದವರು ಬಾಯ್ಲರಿನ ಮುಂದೆ ಇಪ್ಪತ್ತು ನಿಮಿಷ ನಿಂತು, ಅದು ೨೦೦೮ರಲ್ಲಿ ಹಾಕಿದುದೆಂದು ಚೀಟಿಯಿಂದ ತಿಳಿದುಕೊಂಡು, ಹಳತಾಯಿತು, ಹೊಸದನ್ನು ಹಾಕಿಸಿಬಿಡಿ ಎಂದರು. ಮೂರು ಸಾವಿರ ಪೌಂಡಿಗೆ ಮೇಲಾಗುವ ಲೆಕ್ಕವನ್ನೂ ಬರೆದುಕೊಟ್ಟರು. ಹಿತ್ತಲ ಕೋಣೆಗೆ ಅವರು ಕಾಲಿಡಲೇ ಇಲ್ಲ. ಯುಕ್ರೇನಿನ ಯುದ್ಧದಿಂದ ಅನಿಲದ ಬೆಲೆ ಏರಿ, ಸಾಮಾನ್ಯ ಸಂಸಾರವೊಂದರ ಅನಿಲ ವಿದ್ಯುತ್ತುಗಳ ವರ್ಷದ ಖರ್ಚು ೨೫೦೦ ಪೌಂಡಿನ ಆಸುಪಾಸಿನಲ್ಲಿ ನಿಲ್ಲಲೆಂದು ಸರ್ಕಾರವೇ ಆ ಅಕ್ಟೋಬರಿನಿಂದ ದರವನ್ನು ಹಿಡಿದಿಟ್ಟಿದ್ದ ಕಾಲವದು. ಮೂರು ಸಾವಿರವೆಂದರೆ ನಮ್ಮ ಸಂಸಾರಕ್ಕೆ ಹುಡುಗಾಟದ ಮಾತಲ್ಲ. ಮಹಡಿಯ ಎಂಟು ಹತ್ತು ಮಾರು ದೂರದಲ್ಲಿ ನೀರು ಕುದಿಯುವಷ್ಟು ಬಿಸಿ ಬರುತ್ತಿರುವಾಗ ಬಾಯ್ಲರನ್ನು ಹೇಗೆ ತಪ್ಪಿತಸ್ಥನೆನ್ನುವುದು? ಬಿಸಿ ಹುಟ್ಟುತ್ತಿದೆ, ಬಂದು ಸೇರುತ್ತಿಲ್ಲ. ದೋಷವಿರುವುದು ದಾರಿಯಲ್ಲಿ ಎಂದು ನಮ್ಮ ಮನೆಯಾಕೆ ವಾದಿಸಿದಳು. ಅವಳ ಮಾತು ನಿಜವಾಯಿತು.

ಇಲ್ಲಿ ಈ ಯಂತ್ರದ ಹದವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಒಂದು ಕೊಳಾಯಿಯ ಮೂಲಕ ದೂಡುತ್ತದೆ. ಅದು ಹೋಗುವ ಕೊಳಾಯಿ. ಪ್ರತಿಯೊಂದು ರೇಡಿಯೇಟರೂ ಅದರಿಂದ ತನ್ನ ಪಾಲಿನ ನೀರನ್ನು ಪಡೆದು, ಶಾಖವನ್ನು ಕೋಣೆಗೆ ಬಿಟ್ಟುಕೊಟ್ಟು, ತಣಿದ ನೀರನ್ನು ಎರಡನೆಯ ಕೊಳಾಯಿಗೆ ಸೇರಿಸುತ್ತದೆ. ಅದು ಹಿಂದಿರುಗುವ ಕೊಳಾಯಿ. ಅದೇ ನೀರು ದಿನವೆಲ್ಲ ಸುತ್ತುತ್ತಿರುತ್ತದೆ. ಪೂರ್ವದಲ್ಲಿ ಪಂಪಿಲ್ಲದೆಯೂ ಇದು ನಡೆಯುತ್ತಿತ್ತು. ಕಾದ ನೀರು ಹಗುರ. ೮೦ ಡಿಗ್ರಿಯ ಸಾವಿರ ಲೀಟರು ನೀರು ೬೦ ಡಿಗ್ರಿಯ ಸಾವಿರ ಲೀಟರಿಗಿಂತ ಸುಮಾರು ೧೧ ಕಿಲೋಗ್ರಾಮು ಕಡಮೆ ತೂಗುತ್ತದೆ. ಆ ಹಗುರದಿಂದಲೇ ಬಿಸಿನೀರು ಏರಿ, ತಣ್ಣೀರು ಇಳಿದು, ತಾನೇ ತಾನಾಗಿ ಸುತ್ತುತ್ತದೆ. ಆದರೆ ಐದು ಮೀಟರು ಎತ್ತರದ ಮನೆಯಲ್ಲಿ ಈ ಬಲ ಐದಾರು ಸೆಂಟಿಮೀಟರು ನೀರಿನ ಒತ್ತಡವನ್ನು ಮೀರುವುದಿಲ್ಲ. ಅದಕ್ಕಾಗಿಯೇ ಹಿಂದಿನವರ ಕೊಳಾಯಿಗಳು ತೋಳಿನಷ್ಟು ದಪ್ಪವಾಗಿರುತ್ತಿದ್ದುವು. ಈಗಿನ ಪುಟ್ಟ ಪಂಪು ಐದಾರು ಮೀಟರಿನ ಒತ್ತಡವನ್ನು ಕೊಡಬಲ್ಲದಾದ್ದರಿಂದ ಹೆಬ್ಬೆರಳು ದಪ್ಪದ ೧೫ ಮಿಲಿಮೀಟರಿನ ಕೊಳಾಯಿಯೇ ಸಾಕಾಗಿದೆ. ಬೆಂಗಳೂರಿನ ಮಹಡಿಗಳ ಮೇಲೆ ಕಾಣುವ ಸೂರ್ಯನ ಬಿಸಿಯ ನೀರೊಲೆಗಳಲ್ಲಿ ಬಹುಪಾಲು ಇಂದಿಗೂ ಆ ಹಳೆಯ ಹಗುರದ ಬಲದಿಂದಲೇ ನಡೆಯುತ್ತವೆ. ತೊಟ್ಟಿಯನ್ನು ಫಲಕಕ್ಕಿಂತ ಮೇಲಿಡುವುದು ಆ ಕಾರಣದಿಂದಲೇ. ನಡುವಣ ಕೊಳಾಯಿ ಎಲ್ಲಾದರೂ ಗೂನುಬಿದ್ದು ಗಾಳಿ ನಿಂತರೆ ಅಲ್ಲಿಯೂ ಸುತ್ತು ನಿಂತುಹೋಗುತ್ತದೆ. ಬಿಸಿಲೆಷ್ಟಿದ್ದರೂ ಬಚ್ಚಲಿಗೆ ತಣ್ಣೀರೇ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಈ ದೇಶದಲ್ಲಿ ಅನಿಲದ ಕೆಲಸವನ್ನು, ಎಂದರೆ ಬಾಯ್ಲರಿನ ಒಡಲನ್ನು ಬಿಚ್ಚುವ ಕೆಲಸವನ್ನು, ಹಣಕ್ಕಾಗಿ ಮಾಡುವವರ ಹೆಸರು ೨೦೦೯ರಲ್ಲಿ ಆರಂಭವಾದ ಗ್ಯಾಸ್ ಸೇಫ್ ದಾಖಲೆಯಲ್ಲಿ ಇರಲೇಬೇಕು. ನಾವು ಅದರ ಗೊಡವೆಗೆ ಹೋಗಲಿಲ್ಲ. ನಾವು ಕೈಯಿಟ್ಟುದು ನೀರಿನ ಪಾಲಿಗೆ ಮಾತ್ರ. ನಮ್ಮ ಮನೆಯಲ್ಲಿ ಪಂಪು ಬಾಯ್ಲರಿನ ಹೊರಗೆ, ಮಹಡಿಯ ಬಟ್ಟೆಯ ಬೀರುವಿನೊಳಗಿದೆ. ಅಟ್ಟದ ಮೇಲೆ ನೀರು ತುಂಬುವ ಪುಟ್ಟ ತೊಟ್ಟಿಯೊಂದಿದೆ. ಎಲ್ಲ ಮನೆಯಲ್ಲಿಯೂ ಹೀಗಿರುವುದಿಲ್ಲ.

ಮೊದಲು ಸಂಶಯಪಟ್ಟುದು ಗಾಳಿಯನ್ನು. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಾಗಿದ್ದರೆ ಒಳಗೆ ಗಾಳಿ ಸೇರಿದೆಯೆಂದು ತಿಳಿಯಬೇಕು. ಮೇಲ್ಭಾಗ ಬಿಸಿಯಾಗಿದ್ದು ಕೆಳಗಡೆ ತಣ್ಣಗಿದ್ದರೆ ಹೂಳು. ಇಡಿಯ ಫಲಕವೇ ತಣ್ಣಗಿದ್ದರೆ ನೀರೇ ಬರುತ್ತಿಲ್ಲವೆಂದರ್ಥ. ಈ ಸೂತ್ರವನ್ನು ನಮಗೆ ಹೇಳಿಕೊಟ್ಟವರು ಪಕ್ಕದ ಮನೆಯ ವೃದ್ಧರು. ಅಂಗೈಯೇ ಉತ್ತಮವಾದ ಉಷ್ಣಮಾಪಕವೆಂದು ಹೇಳಿ, ಗಾಳಿ ಬಿಡುವ ಹಿತ್ತಾಳೆಯ ಚಿಕ್ಕ ಕೀಲಿಯನ್ನೂ ಕೊಟ್ಟರು. ಪಂಪನ್ನು ನಿಲ್ಲಿಸಿ, ನೀರು ಸ್ವಲ್ಪ ತಣಿದ ಮೇಲೆ, ರೇಡಿಯೇಟರಿನ ಮೇಲ್ತುದಿಯ ತಿರುಪನ್ನು ಆ ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿದರೆ, ಗಾಳಿಯಿದ್ದಲ್ಲಿ ಹಾವು ಬುಸುಗುಟ್ಟಿದಂತೆ ಹೊರಬರುತ್ತದೆ. ನೀರು ಕಂಡೊಡನೆ ಮುಚ್ಚಬೇಕು. ಮಹಡಿಯ ಎರಡರಲ್ಲಿ ಗಾಳಿ ಸಿಕ್ಕಿತು. ತಾಯಿಯವರ ಕೋಣೆಯದರಲ್ಲಿ ಮೊದಲೇ ನೀರು ಬಂದಿತು. ಆ ನೀರು ಇದ್ದಲು ಕದಡಿದಂತೆ ಕಪ್ಪಾಗಿತ್ತು. ತಿಂಗಳು ತಿಂಗಳೂ ಗಾಳಿ ಸೇರುತ್ತಿರುವ ಮನೆಗಳಲ್ಲಿ ಅದು ಎಷ್ಟೋ ವೇಳೆ ಗಾಳಿಯೇ ಆಗಿರುವುದಿಲ್ಲ, ಉಕ್ಕು ಕೊರೆದು ಹುಟ್ಟಿದ ಜಲಜನಕವಾಗಿರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಹತ್ತಿರ ದೀಪ ಕಡ್ಡಿಗಳನ್ನು ತರಕೂಡದು.

ಎರಡನೆಯ ಸಂಶಯ ತಾನಾಗಿ ಮುಚ್ಚಿ ತೆರೆಯುವ ತಿರುಪಿನ ಮೇಲೆ. ಕೋಣೆಯ ಶಾಖವನ್ನರಿತು ನೀರನ್ನು ತಡೆಯುವ ಈ ಗುಂಡಿಯೊಳಗೆ ಒಂದು ಸಣ್ಣ ಸೂಜಿಯಿದೆ. ಬೇಸಗೆಯೆಲ್ಲ ಒತ್ತಿಕೊಂಡೇ ಇದ್ದು ಅದು ಚಳಿಗಾಲಕ್ಕೆ ಮೇಲೇಳದೆ ಕಚ್ಚಿಕೊಳ್ಳುವುದು ಬಹು ಸಾಮಾನ್ಯ. ತಲೆಯನ್ನು ಬಿಚ್ಚಿ, ಸೂಜಿಯನ್ನು ಮೆಲ್ಲನೆ ಒತ್ತಿ ಬಿಟ್ಟು ನೋಡಿದೆವು. ಎದ್ದಿತು, ಕುಳಿತಿತು, ದೋಷವಿಲ್ಲ. ಅದನ್ನು ಇಕ್ಕಳದಿಂದ ಹಿಡಿದೆಳೆಯುವ ಆಸೆ ಯಾರಿಗಾದರೂ ಬಂದರೆ ಬಿಟ್ಟುಬಿಡಲಿ. ಸೂಜಿ ಕಿತ್ತುಬಂದರೆ ಮನೆಯೆಲ್ಲ ಕೊಳವಾದೀತು.

ಮೂರನೆಯದು ಪಂಪು. ತಿರುಪುಳಿಯ ತುದಿಯನ್ನು ಪಂಪಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಚಕ್ರದ ಗುಂಯ್ಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ಮೂರು ವೇಗಗಳುಂಟು. ನಾವು ಬುದ್ಧಿವಂತರಂತೆ ಎರಡರಿಂದ ಮೂರಕ್ಕೆ ಏರಿಸಿದೆವು. ಫಲವೇನೆಂದರೆ, ಬಚ್ಚಲುಮನೆಯ ರೇಡಿಯೇಟರು ಮುಟ್ಟಲಾರದಷ್ಟು ಸುಡತೊಡಗಿತು. ಕೊಳಾಯಿಗಳು ರಾತ್ರಿಯೆಲ್ಲ ಸೀಟಿ ಹೊಡೆದುವು. ಹಿತ್ತಲ ಕೋಣೆ ೧೪ ಡಿಗ್ರಿಯಲ್ಲೇ ಉಳಿಯಿತು. ವೇಗ ಅತಿಯಾದಾಗ ಬಿಸಿನೀರು ಅಟ್ಟದ ತೊಟ್ಟಿಗೆ ಉಕ್ಕಿ ಬಿದ್ದು ಗಾಳಿಯನ್ನು ಸೆಳೆದುಕೊಳ್ಳುವುದೂ ಉಂಟೆಂದು ಕೇಳಿ, ನಾವು ಅಟ್ಟ ಹತ್ತಿ ತೊಟ್ಟಿಗೆ ಕೈಯದ್ದಿ ನೋಡಿದೆವು. ನೀರು ಕೊರೆಯುತ್ತಿತ್ತು, ಆ ರೋಗ ನಮ್ಮ ಮನೆಗೆ ತಗಲಿರಲಿಲ್ಲ. ಪಂಪನ್ನು ಮತ್ತೆ ಎರಡಕ್ಕೆ ಇಳಿಸಿದೆವು.

ಹೀಗೆ ಮೂರು ದಿನ ಕಳೆದುವು. ಅಷ್ಟರಲ್ಲಿ ಒಂದು ವಿದ್ಯುತ್ತಿನ ಒಲೆಯನ್ನು ತಾಯಿಯವರ ಕೋಣೆಯಲ್ಲಿಟ್ಟಿದ್ದೆವು. ಅದರ ಗಾಳಿಗೆ ಅವರಿಗೆ ಗಂಟಲೊಣಗಿ ಕೆಮ್ಮು ಹತ್ತಿತು. ಮಗನೊಡನೆ ಬೆಂಗಳೂರಿಗೆ ಹಿಂದಿರುಗುವ ವಿಮಾನಗಳ ದರವನ್ನು ಅವರು ಗುಟ್ಟಾಗಿ ವಿಚಾರಿಸುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತು. ಹನ್ನೊಂದು ವರ್ಷದ ಆ ಹುಡುಗ ಅಜ್ಜಿಯ ಗುಟ್ಟನ್ನು ಒಂದು ಗಂಟೆಯೂ ಕಾಯಲಿಲ್ಲ.

ನಾಲ್ಕನೆಯ ದಿನ ನಮ್ಮ ಮನೆಯಾಕೆ ಒಂದು ಪರೀಕ್ಷೆಯನ್ನು ಸೂಚಿಸಿದಳು. ಉಳಿದ ಎಂಟು ರೇಡಿಯೇಟರುಗಳನ್ನೂ ಮುಚ್ಚಿಬಿಡುವುದು. ಬಾಯ್ಲರಿನ ಶಾಖವನ್ನು ತಗ್ಗಿಸಿ, ಹಿತ್ತಲ ಕೋಣೆಯ ಒಂದನ್ನೇ ತೆರೆದಿಟ್ಟು ನೋಡುವುದು. ಆಗಲೂ ಅದು ಬಿಸಿಯಾಗದಿದ್ದರೆ ದಾರಿ ಕಟ್ಟಿದೆಯೆಂದೂ, ಬಿಸಿಯಾದರೆ ದಾರಿ ತೆರೆದಿದ್ದು ಪಾಲಿನಲ್ಲಿ ಮೋಸವಾಗುತ್ತಿದೆಯೆಂದೂ ತಿಳಿಯುವುದು. ಅರ್ಧ ಗಂಟೆಯಲ್ಲಿ ಫಲ ಕಂಡಿತು: ರೇಡಿಯೇಟರಿನ ಮೇಲರ್ಧ ಚೆನ್ನಾಗಿ ಕಾದಿತು; ಕೆಳಗಿನ ನಡುಭಾಗ ಕಲ್ಲಿನಂತೆ ತಣ್ಣಗೇ ಇದ್ದಿತು. ಎಂದರೆ ಎರಡು ರೋಗಗಳೂ ಒಟ್ಟಿಗೇ ಇದ್ದುವು. ಪಾಲೂ ಬರುತ್ತಿಲ್ಲ, ಬಂದ ಪಾಲಿಗೆ ಒಳಗೆ ಎಡೆಯೂ ಇಲ್ಲ.

ಮಧ್ಯಾಹ್ನ ಈ ವಿಚಾರವನ್ನು ಊಟದ ಮನೆಯಲ್ಲಿ ಚರ್ಚಿಸುತ್ತಿದ್ದೆವು. ಕಾಗದದ ಮೇಲೆ ಬರೆದ ಕೊಳಾಯಿಗಳ ನಕ್ಷೆಯನ್ನು ತಾಯಿಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇದು ನಾಲೆ ತಾನೆ?” ಎಂದರು. ಅವರ ತವರು ಮಳವಳ್ಳಿಯ ಕಡೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ (ಆಗ ಅದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು) ನೀರು ಮಂಡ್ಯದ ಬಯಲನ್ನೆಲ್ಲ ಕುಡಿಸಿ, ಮಿಕ್ಕರೆ ಅವರ ಗದ್ದೆಗೆ ಬರಬೇಕು. ಮೇಲ್ಗಡೆಯ ಹಳ್ಳಿಗಳಲ್ಲಿ ಕಬ್ಬು ತೇಲಾಡುವಾಗ ಕೊನೆಯಂಚಿನ ಭತ್ತ ಬಿರಿದ ನೆಲದಲ್ಲಿ ನಿಂತಿರುತ್ತಿತ್ತು. ಅವರ ತಂದೆ ಲಾಟೀನು ಹಿಡಿದು ನೀರುಗಂಟಿಯೊಡನೆ ರಾತ್ರಿಯೆಲ್ಲ ಕಾಲುವೆಯ ಮೇಲೆ ತಿರುಗಿ, ತೂಬುಗಳನ್ನು ಕಾದು ನೀರು ತರುತ್ತಿದ್ದ ಕತೆಯನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೆವು.

“ಅಲ್ಲ ಕಣಪ್ಪ, ಮೇಲ್ಗಡೆ ತೂಬೆಲ್ಲ ಹಂಗೇ ಬಿಟ್ಕೊಂಡು, ಕೆಳಗಡೆ ಗದ್ದೆಗೆ ನೀರಿಲ್ಲ ಅಂದ್ರೆ ಎಲ್ಲಿಂದ ಬರ್ತದೆ? ಕಟ್ಟೇಲಿ ಜಾಸ್ತಿ ಬಿಟ್ರೆ ಮೇಲಿನೋರ ಗದ್ದೆ ಉಕ್ತದೆ, ಅಷ್ಟೇಯ. ಒಂದೊಂದು ತೂಬಿಗೂ ಒಂದೊಂದು ಹಿಡಿ ಮಣ್ಣು ಹಾಕ್ಬೇಕು. ಆಮೇಲೆ, ನೀರು ನಿಧಾನವಾದ ಕಡೆ ಹೂಳು ನಿಲ್ತದೆ. ಅದನ್ನ ಎತ್ತದೆ ಏನ್ ಮಾಡಿದ್ರೂ ಬರಾಕಿಲ್ಲ.”

ಪಂಪನ್ನು ಮೂರಕ್ಕೆ ಏರಿಸಿದ ನಮ್ಮ ಬುದ್ಧಿವಂತಿಕೆಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನ ದೊರೆಯಲಾರದು. ಎರಡು ರೋಗಗಳಲ್ಲಿ ಒಂದು ಇನ್ನೊಂದನ್ನು ಹೆತ್ತಿತ್ತು: ಪಾಲು ಕಡಮೆಯಾದ್ದರಿಂದ ನೀರು ನಿಧಾನ, ನಿಧಾನವಾದ್ದರಿಂದ ಹೂಳು, ಹೂಳಾದ್ದರಿಂದ ಪಾಲು ಇನ್ನೂ ಕಡಮೆ.

ಹೂಳೆತ್ತುವ ಕೆಲಸ ಶನಿವಾರಕ್ಕೆ ನಿಂತಿತು. ಎಲ್ಲವನ್ನೂ ನಿಲ್ಲಿಸಿ ನೀರು ತಣಿಯಲು ಬಿಟ್ಟು, ರೇಡಿಯೇಟರಿನ ಎರಡು ತುದಿಯ ತಿರುಪುಗಳನ್ನೂ ಮುಚ್ಚಿದೆವು. ಇಲ್ಲಿ ಒಂದು ಮೋಸವುಂಟು. ತಾನಾಗಿ ತೆರೆಯುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿದರೆ ಮುಚ್ಚಿತೆಂದು ನಂಬಬಾರದು. ಕೋಣೆ ಹೆಚ್ಚು ತಣ್ಣಗಾದರೆ, ಕೊಳಾಯಿ ಹೆಪ್ಪುಗಟ್ಟದಿರಲೆಂದು ಅದು ತಾನೇ ತೆರೆದುಕೊಳ್ಳುತ್ತದೆ. ರೇಡಿಯೇಟರು ಅಂಗಳದಲ್ಲಿದ್ದಾಗ ಹಾಗಾದರೆ ಅಟ್ಟದ ತೊಟ್ಟಿಯೆಲ್ಲ ಕೋಣೆಯೊಳಗೆ ಇಳಿದೀತು. ಗುಂಡಿಯ ತಲೆಯನ್ನು ತೆಗೆದು, ಅದರೊಡನೆ ಬಂದ ಗಟ್ಟಿ ಮುಚ್ಚಳವನ್ನು ಬಿಗಿಯಬೇಕು. ಇದನ್ನೂ ಪಕ್ಕದ ಮನೆಯ ವೃದ್ಧರೇ ಬೇಲಿಯಾಚೆಯಿಂದ ಕೂಗಿ ಹೇಳಿದುದು. ಇನ್ನೊಂದು ತುದಿಯ ತಿರುಪು ಟೋಪಿಯ ಅಡಿಯಲ್ಲಿರುತ್ತದೆ. ಅದನ್ನು ಮುಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿಕೊಳ್ಳಬೇಕು.

ಕೆಳಗೆ ಪಾತ್ರೆಯಿಟ್ಟು ಸ್ಪ್ಯಾನರಿನಿಂದ ಜೋಡಣೆಯನ್ನು ಸಡಿಲಿಸಿದೆವು. ನಾವಿಟ್ಟ ಪಾತ್ರೆ ಪಾಯಸದ ತಪ್ಪಲೆಯಷ್ಟು. ಬಂದ ನೀರು ಎರಡು ಬಕೀಟಿನಷ್ಟು. ಮಸಿಯಂಥ ನೀರು ತಪ್ಪಲೆಯನ್ನು ಮೀರಿ ಕೆನೆಬಣ್ಣದ ರತ್ನಗಂಬಳಿಯ ಮೇಲೆ ಅಂಗೈಯಗಲ ಹರಡಿತು. ಹಳೆಯ ಸೀರೆ, ಹಾಸಿಗೆಯ ಹೊದಿಕೆ, ಕೈಗೆ ಸಿಕ್ಕಿದುದನ್ನೆಲ್ಲ ಒತ್ತಿದೆವು. ಆ ಕಲೆ ಈಗಲೂ ಅಲ್ಲಿದೆ. ಮೇಲೆ ಒಂದು ಮೇಜಿನ ಕಾಲು ನಿಂತಿದೆ. ಆ ಕಪ್ಪು ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಹುಡುಗನ ಅಯಸ್ಕಾಂತವನ್ನು ಹೊರಗಿನಿಂದ ಹಿಡಿದಾಗ, ಕಪ್ಪೆಲ್ಲ ಒಂದೇ ಕಡೆಗೆ ಬಂದು ಗಾಜಿಗಂಟಿಕೊಂಡಿತು. ರೇಡಿಯೇಟರಿನ ಉಕ್ಕೇ ಸವೆದು, ಕಾಂತಕ್ಕೆ ಸೆಳೆಯಲ್ಪಡುವ ಕಪ್ಪು ತುಕ್ಕಾಗಿ ಅಡಿಯಲ್ಲಿ ಕುಳಿತಿರುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇಬ್ಬರೂ ಸೇರಿ ಫಲಕವನ್ನು ಹಿತ್ತಲಿಗೆ ಹೊತ್ತು, ತಲೆಕೆಳಗು ಮಾಡಿ, ತೋಟದ ರಬ್ಬರು ಕೊಳವೆಯಿಂದ ನೀರು ಹಾಯಿಸಿ, ಮರದ ಕೊಡತಿಗೆ ಬಟ್ಟೆ ಸುತ್ತಿ ಮೆಲ್ಲಗೆ ತಟ್ಟಿದೆವು. ಹೊರಗೆ ಬೆರಳು ಮರಗಟ್ಟುವ ಚಳಿ. ಮೊದಲು ಮಸಿ ಬಂದಿತು, ಅನಂತರ ಕೆಸರು, ಆಮೇಲೆ ಹುರಿದ ರಾಗಿಯಂಥ ಕಾಳುಕಾಳಾದ ತುಕ್ಕು. ಮುಕ್ಕಾಲು ಗಂಟೆಯ ಮೇಲೆ ತಿಳಿನೀರು ಕಂಡಿತು. ಒಳಗೆ ತಂದು ಜೋಡಿಸಿ, ತುಕ್ಕನ್ನು ತಡೆಯುವ ಔಷಧದ ಒಂದು ಲೀಟರನ್ನು ಅಟ್ಟದ ತೊಟ್ಟಿಗೆ ಸುರಿದ ಮೇಲೆಯೇ ತಿರುಪುಗಳನ್ನು ತೆರೆದೆವು. ಖಾಲಿ ಫಲಕ ತುಂಬಿಕೊಳ್ಳುವಾಗ ತೊಟ್ಟಿಯ ನೀರು ಕೆಳಗಿಳಿಯುತ್ತದಷ್ಟೆ. ಔಷಧವೂ ಜೊತೆಯಲ್ಲಿ ಒಳಹೊಕ್ಕಿತು.

ಉಳಿದುದು ಮಣ್ಣು ಹಾಕುವ ಕೆಲಸ. ಟೋಪಿಯ ಅಡಿಯ ತಿರುಪೇ ಇಲ್ಲಿ ತೂಬು. ಕೊಳಾಯಿಗೆ ಕಟ್ಟುವ ಎರಡು ಉಷ್ಣಮಾಪಕಗಳನ್ನು ತಂದು, ಪ್ರತಿಯೊಂದು ರೇಡಿಯೇಟರಿಗೂ ಒಳಹೋಗುವ ನೀರಿನ ಶಾಖವನ್ನೂ ಹೊರಬರುವ ನೀರಿನ ಶಾಖವನ್ನೂ ಅಳೆದೆವು. ನಮ್ಮ ಮನೆಯಾಕೆ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಳು. ಬಚ್ಚಲುಮನೆಯಲ್ಲಿ ಒಳಹೋಗುವುದು ೬೮, ಹೊರಬರುವುದು ೬೫. ಮೂರೇ ಡಿಗ್ರಿಯ ಅಂತರ. ನೀರು ಶಾಖವನ್ನು ಬಿಟ್ಟುಕೊಡದೆ ಓಡಿಹೋಗುತ್ತಿದೆ. ಹಿತ್ತಲ ಕೋಣೆಯಲ್ಲಿ, ಹೂಳೆತ್ತಿದ ಮೇಲೆಯೂ, ೫೪ ಮತ್ತು ೩೧. ಇಪ್ಪತ್ತಮೂರು ಡಿಗ್ರಿಯ ಅಂತರ. ಬಂದ ನೀರು ಅಲ್ಪ, ಅದರ ಸತ್ತ್ವವೆಲ್ಲ ದಾರಿಯಲ್ಲಿಯೇ ಹಿಂಡಿಹೋಗುತ್ತಿದೆ. ಬಿಸಿಬಿಸಿಯಾಗಿಯೇ ಹಿಂದಿರುಗಿದ ನೀರನ್ನು ಕಂಡು ಬಾಯ್ಲರು ಮನೆಯೆಲ್ಲ ಕಾದಿತೆಂದು ಭ್ರಮಿಸಿ ಆಗಾಗ ಆರುತ್ತಿತ್ತು. ಅಲ್ಲದೆ, ಈ ತರದ ಬಾಯ್ಲರು ಹೊಗೆಯಲ್ಲಿನ ಹಬೆಯನ್ನು ತಣಿಸಿ ಅದರ ಶಾಖವನ್ನೂ ಉಳಿಸಬೇಕಾದರೆ ಹಿಂದಿರುಗುವ ನೀರು ಸುಮಾರು ೫೫ ಡಿಗ್ರಿಗಿಂತ ಕೆಳಗಿರಬೇಕು. ನಮ್ಮ ಬಚ್ಚಲುಮನೆ ಇಷ್ಟು ವರ್ಷ ಅನಿಲದ ಹಣವನ್ನು ಸುಮ್ಮನೆ ಹೊಗೆಗೊಳವೆಯಲ್ಲಿ ಬಿಡುತ್ತಿತ್ತೆಂದಾಯಿತು.

ಹತ್ತಿರದ ರೇಡಿಯೇಟರಿನಿಂದ ಆರಂಭಿಸಿ ಒಂದೊಂದನ್ನೂ ಬಿಗಿಯುತ್ತ ಬಂದೆವು. ಒಂದನ್ನು ಬಿಗಿದರೆ ಉಳಿದ ಎಂಟರ ಲೆಕ್ಕವೂ ಕದಲುತ್ತದೆ. ಪ್ರತಿ ಬಾರಿಯೂ ಇಪ್ಪತ್ತು ನಿಮಿಷ ಕಾದು ಮತ್ತೆ ಅಳೆಯಬೇಕು. ಆತುರಗಾರರಿಗೆ ಹೇಳಿದ ಕೆಲಸವಲ್ಲ ಇದು. ಎರಡು ಸಂಜೆ ಹಿಡಿಯಿತು. ಕೊನೆಗೆ ಬಚ್ಚಲುಮನೆಯ ತಿರುಪು ಕಾಲು ಸುತ್ತು ಮಾತ್ರ ತೆರೆದಿತ್ತು. ಹುಡುಗನ ಕೋಣೆಯದು ಅರ್ಧ. ಕೆಳಗಿಳಿದಂತೆಲ್ಲ ಹೆಚ್ಚು ಹೆಚ್ಚು. ಹಿತ್ತಲ ಕೋಣೆಯದು ಪೂರ್ತಿ. ಎಲ್ಲೆಲ್ಲಿಯೂ ಅಂತರ ಹನ್ನೆರಡು ಡಿಗ್ರಿಯ ಆಚೀಚೆಗೆ ಬಂದು ನಿಂತಿತು.

ಮೂರನೆಯ ಸಂಜೆ ತಾಯಿಯವರ ಕೋಣೆಯಲ್ಲಿ ೧೯ ಡಿಗ್ರಿ. ಅವರು ಟೋಪಿಯನ್ನು ತೆಗೆದಿಟ್ಟು, ಶಾಲನ್ನು ಮಡಿಸಿ, ರೇಡಿಯೇಟರಿನ ಮೇಲೆ ಅಂಗೈಯಿಟ್ಟುಕೊಂಡು ಕುಳಿತಿದ್ದರು. ಅದನ್ನು ತವರಿನ ತೂಬಿನಂತೆಯೇ ನಡೆಸಿಕೊಂಡರು. ಪ್ರತಿದಿನ ಮಲಗುವ ಮೊದಲು ಎರಡು ತುದಿಯ ಕೊಳಾಯಿಗಳನ್ನೂ ಮುಟ್ಟಿ ನೋಡಿ, “ಬಂದದೆ” ಎಂದು ವರದಿ ಮಾಡುತ್ತಿದ್ದರು. ವಿಮಾನದ ಮಾತು ನಿಂತಿತು. ೨೦೨೩ರ ಯುಗಾದಿ ಮಾರ್ಚಿ ೨೨ಕ್ಕೆ ಬಂದಿತ್ತು. ಹಬ್ಬಕ್ಕೆ ಊರಿನಲ್ಲಿರಬೇಕೆಂದು ಅದಕ್ಕೆ ಒಂದು ವಾರ ಮುಂಚೆ ಹೊರಟರು. ತಾವಾಗಿ ಹೊರಟುದು, ಚಳಿ ಓಡಿಸಿದುದಲ್ಲ.

ಒಂದು ಫಲಕವನ್ನು ತೊಳೆದರೆ ಉಳಿದವುಗಳ ಹೂಳು ಹೋಗುವುದಿಲ್ಲವಷ್ಟೆ. ಆ ಬೇಸಗೆಯಲ್ಲಿ ಬೇರೊಬ್ಬ ನುರಿತವರನ್ನು ಕರೆಸಿ, ಎಲ್ಲ ಕೊಳಾಯಿಗಳಿಗೂ ರಭಸದ ನೀರು ಹಾಯಿಸಿ, ಹಿಂದಿರುಗುವ ಕೊಳಾಯಿಗೆ ಕಾಂತದ ಶೋಧಕವೊಂದನ್ನು ಹಾಕಿಸಿದೆವು. ಹೊಸ ಬಾಯ್ಲರಿಗೆ ಕೇಳಿದ್ದ ಹಣದಲ್ಲಿ ಕಾಲುಪಾಲೂ ಆಗಲಿಲ್ಲ. ಬಾಯ್ಲರು ಹಳೆಯದೇ.

ಹುಡುಗನ ದೂರು ಮಾತ್ರ ಉಳಿದಿದೆ. ಮೊದಲಿನಂತೆ ಅವನ ಕೋಣೆಯಲ್ಲಿ ಬನಿಯನ್ನು ಹಾಕಿಕೊಂಡು ಕುಳಿತಿರಲು ಆಗುವುದಿಲ್ಲ. ಒಂದು ದಿನ ನಾವಿಲ್ಲದಾಗ ಟೋಪಿಯನ್ನು ಕಿತ್ತು ತಿರುಪನ್ನು ಒಂದು ಸುತ್ತು ಸಡಿಲಿಸಿದ್ದನು. ಸಂಜೆ ದೂರವಾಣಿಯಲ್ಲಿ ಅಜ್ಜಿಗೆ ಈ ಸುದ್ದಿ ಹೋಯಿತು. “ನೀರುಗಂಟೀನೇ ಕಳ್ಳ ಆದ್ರೆ ಹೆಂಗಪ್ಪ?” ಎಂದು ಅವರು ನಕ್ಕರಂತೆ. ಅವನು ಮೇಲೆ ಹೋಗಿ, ಅರ್ಧ ಸುತ್ತಿಗೆ ತಿರುಗಿಸಿ ಬಂದನು.